ಮಾತಿನ ಗುಳ್ಳೆ ಮುಚ್ಚಿ, ಚಿತ್ರ ಓದಿ: ‘ಬ್ಯಾಟ್‌ವುಮನ್: ಎಲಿಜಿ’ಯಿಂದ ನಾವು ಕಲಿತ ಪಾಠ

ಕಳೆದ ತಿಂಗಳ ಓದುಕೂಟದಲ್ಲಿ ನಮಗೆಲ್ಲ ಒಂದು ಸಣ್ಣ ಅವಮಾನ ಆಯ್ತು. ‘ಬ್ಯಾಟ್‌ವುಮನ್: ಎಲಿಜಿ’ ಅನ್ನೋ ಕಾಮಿಕ್ಸ್ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿ ಓದಿದ್ವಿ. ಒಬ್ಬೊಬ್ಬರು ಹೆಚ್ಚೆಂದರೆ ಅರ್ಧ ಗಂಟೆ ತಗೊಂಡಿರಬಹುದು. ಕಥೆಯ ನಡುವೆ ಒಂದು ದೊಡ್ಡ ತಿರುವು ಬರುತ್ತೆ. ಅದನ್ನು ಓದಿ ನಾವು, "ಇದೇನಪ್ಪಾ, ಒಂದು ಸುಳಿವೂ ಕೊಡದೆ ಆಕಾಶದಿಂದ ತಂದು ಹಾಕಿದ್ದಾರೆ" ಎಂದು ಗೊಣಗಿದ್ವಿ. ಆಗ ಸಿವಿಲ್ ಬ್ರಾಂಚಿನ ಜೂನಿಯರ್ ಒಬ್ಬಳು ಏನೂ ಮಾತಾಡದೆ ಪುಸ್ತಕವನ್ನು ಹಿಂದಕ್ಕೆ ತಿರುವಿದಳು. ನಾಯಕಿಯ ಮುಖ ಇರುವ ಒಂದು ಪುಟ, ಖಳನಾಯಕಿಯ ಮುಖ ಇರುವ ಇನ್ನೊಂದು ಪುಟ, ಎರಡನ್ನೂ ತೋರಿಸಿ, "ಸುಳಿವು ಕೊಟ್ಟಿದ್ದಾರೆ ಅಣ್ಣ. ಬರೆದಿಲ್ಲ, ಬಿಡಿಸಿದ್ದಾರೆ" ಅಂದಳು.

ನಾವು ಪುಸ್ತಕ ಓದಿದ್ದು ನಿಜ, ಆದರೆ ನೋಡಿರಲಿಲ್ಲ. ಒಂದು ಮಾತಿನ ಗುಳ್ಳೆಯಿಂದ ಇನ್ನೊಂದು ಗುಳ್ಳೆಗೆ ಹಾರುತ್ತಾ ಹೋಗಿದ್ವಿ ಅಷ್ಟೆ. ನಡುವೆ ಇದ್ದ ಚಿತ್ರಗಳು ನಮಗೆ ಬಸ್ಸಿನ ಕಿಟಕಿಯಾಚೆ ಓಡುವ ಮರಗಳ ಥರ ಆಗಿದ್ವು. "ಆರ್ಟ್ ಹೇಗಿತ್ತು?" ಅಂತ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: "ಸಖತ್ತಾಗಿದೆ." ಯಾಕೆ ಸಖತ್ತು, ಎಲ್ಲಿ ಸಖತ್ತು ಅಂತ ಮುಂದೆ ಕೇಳಿದ್ರೆ ಮೌನ. ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ಕನ್ನಡದಲ್ಲಿ ಪದ ಸಿಗ್ತಿಲ್ಲ ಅಂತ ನೆಪ ಹೇಳೋಣ ಅಂದ್ಕೊಂಡ್ವಿ. ಆದರೆ ಇಂಗ್ಲಿಷಿನಲ್ಲೂ ಪದ ಸಿಗಲಿಲ್ಲ! ಪದ ಇಲ್ಲದ್ದಕ್ಕೆ ಕಾರಣ ಭಾಷೆ ಅಲ್ಲ, ನಾವು ನೋಡದೇ ಇದ್ದದ್ದು.

ಹಾಗಾಗಿ ಮುಂದಿನ ಮೂರು ವಾರ ಅದೇ ಪುಸ್ತಕವನ್ನು ನಿಧಾನವಾಗಿ, ಪುಟ ಪುಟವಾಗಿ ಮತ್ತೆ ನೋಡಿದ್ವಿ. ಕಲಿತದ್ದನ್ನು ಇಲ್ಲಿ ಪಾಠದ ರೂಪದಲ್ಲಿ ಬರೀತಿದ್ದೀವಿ. ಮೊದಲೇ ಹೇಳಿಬಿಡ್ತೀವಿ: ಆ ತಿರುವು ಏನು ಅನ್ನೋದು ಈ ಲೇಖನದಲ್ಲಿ ಬಯಲಾಗುತ್ತೆ. ಮೊದಲು ಪುಸ್ತಕ ಓದಬೇಕು ಅನ್ನುವವರು ಇಲ್ಲೇ ನಿಲ್ಲಿಸಿ, ಓದಿ ಬನ್ನಿ. ಲೇಖನ ಎಲ್ಲಿಗೂ ಹೋಗಲ್ಲ.

ಪುಸ್ತಕದ ಪರಿಚಯ

ಬ್ಯಾಟ್‌ವುಮನ್ ಮೊದಲು ಬಂದದ್ದು 1956ರಲ್ಲಿ, ‘ಡಿಟೆಕ್ಟಿವ್ ಕಾಮಿಕ್ಸ್’ನ 233ನೇ ಸಂಚಿಕೆಯಲ್ಲಿ. ಆಗ ಅವಳ ಹೆಸರು ಕ್ಯಾಥಿ ಕೇನ್. ಹಳದಿ ಉಡುಪು, ಹೆಗಲಿಗೊಂದು ಬ್ಯಾಗು. ಬ್ಯಾಗಿನೊಳಗಿನ ಆಯುಧಗಳು ನೋಡೋಕೆ ಲಿಪ್‌ಸ್ಟಿಕ್, ಪೌಡರು, ಬಳೆ ಇದ್ದ ಹಾಗೆ! ಅದಕ್ಕೆ ಎರಡು ವರ್ಷ ಹಿಂದೆ, 1954ರಲ್ಲಿ, ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು ಕಾಮಿಕ್ಸ್ ಓದಿ ಮಕ್ಕಳು ಹಾಳಾಗ್ತಿದ್ದಾರೆ ಅಂತ ಪುಸ್ತಕ ಬರೆದಿದ್ದರು. ಬ್ಯಾಟ್‌ಮನ್ ಮತ್ತು ರಾಬಿನ್ ಒಟ್ಟಿಗೆ ಒಂದೇ ಮನೆಯಲ್ಲಿ ಇರೋದನ್ನೂ ಅನುಮಾನದಿಂದ ನೋಡಿದ್ದರು. ಆ ಅನುಮಾನ ತೊಳೆಯೋಕೆ ಬ್ಯಾಟ್‌ಮನ್‌ಗೆ ಒಬ್ಬ ಗೆಳತಿ ಬೇಕಾಯ್ತು, ಹಾಗಾಗಿ ಕ್ಯಾಥಿ ಹುಟ್ಟಿದಳು ಅಂತ ಕಾಮಿಕ್ಸ್ ಚರಿತ್ರೆ ಬರೆದ ಹಲವರು ಹೇಳ್ತಾರೆ. 1964ರ ಹೊತ್ತಿಗೆ ಅವಳನ್ನು ಕಥೆಯಿಂದಲೇ ಕೈಬಿಟ್ಟರು.

2006ರಲ್ಲಿ ಅವಳು ಮತ್ತೆ ಬಂದಳು. ಈ ಸಲ ಹೆಸರು ಕೇಟ್ ಕೇನ್. ಯಹೂದಿ ಮನೆತನದ ಮಗಳು, ಸೈನ್ಯಾಧಿಕಾರಿಯ ಮಗಳು, ಹೆಂಗಸರನ್ನು ಪ್ರೀತಿಸುವವಳು. ಗಂಡಸಿನ ಮೇಲಿನ ಅನುಮಾನ ತೊಳೆಯೋಕೆ ಹುಟ್ಟಿದ ಪಾತ್ರ 50 ವರ್ಷದ ನಂತರ ತನ್ನದೇ ಬದುಕಿನ ಜೊತೆ ವಾಪಸ್ ಬಂತು. 2009–10ರಲ್ಲಿ ‘ಡಿಟೆಕ್ಟಿವ್ ಕಾಮಿಕ್ಸ್’ನ 854ರಿಂದ 860ರವರೆಗಿನ ಏಳು ಸಂಚಿಕೆಗಳಲ್ಲಿ ಅವಳ ಕಥೆ ಬಂತು. ಅವೇ ಸೇರಿ ‘ಎಲಿಜಿ’ ಪುಸ್ತಕ. ಎಲಿಜಿ ಅಂದರೆ ಶೋಕಗೀತೆ.

ಕಥೆ ಗ್ರೆಗ್ ರಕ್ಕಾ ಅವರದು. ಚಿತ್ರ ಜೆ.ಎಚ್. ವಿಲಿಯಮ್ಸ್ III. ಬಣ್ಣ ಡೇವ್ ಸ್ಟುವರ್ಟ್. ಅಕ್ಷರ ಟಾಡ್ ಕ್ಲೈನ್. ಹೌದು, ಕಾಮಿಕ್ಸ್‌ನಲ್ಲಿ ಅಕ್ಷರ ಜೋಡಿಸೋದೇ ಒಂದು ಪ್ರತ್ಯೇಕ ಕಸುಬು. ಅಮೆರಿಕದ ಮಾಸಿಕ ಕಾಮಿಕ್ಸ್‌ನಲ್ಲಿ ಬಹಳ ಸಲ ಪೆನ್ಸಿಲ್ ಒಬ್ಬರದು, ಅದರ ಮೇಲೆ ಶಾಯಿ ಇನ್ನೊಬ್ಬರದು. ಇಲ್ಲಿ ವಿಲಿಯಮ್ಸ್ ಎರಡನ್ನೂ ತಾವೇ ಮಾಡಿದ್ದಾರೆ. ನಮ್ಮ ಮಿನಿ ಪ್ರಾಜೆಕ್ಟ್ ಟೀಮುಗಳ ಹಾಗೆ ಒಬ್ಬ ದುಡಿದು ಮೂವರು ಹೆಸರು ಹಾಕಿಕೊಂಡ ಕೆಲಸ ಅಲ್ಲ, ನಾಲ್ವರೂ ನಿಜವಾಗಿ ದುಡಿದಿದ್ದಾರೆ. ಈ ಕೆಲಸಕ್ಕೆ 2010ರಲ್ಲಿ ವಿಲಿಯಮ್ಸ್ ಅವರಿಗೆ ಐಸ್ನರ್ ಪ್ರಶಸ್ತಿ ಬಂತು.

ಮೊದಲ ಹೆಜ್ಜೆ: ಗುಳ್ಳೆ ಮುಚ್ಚಿ

ನಾವು ಮಾಡಿದ ಮೊದಲ ಪ್ರಯೋಗ ತುಂಬಾ ಸರಳ. ಸ್ಟಿಕಿ ನೋಟ್ಸ್ ಸಣ್ಣದಾಗಿ ಕತ್ತರಿಸಿ ಒಂದು ಅಧ್ಯಾಯದ ಮಾತಿನ ಗುಳ್ಳೆಗಳನ್ನೆಲ್ಲ ಮುಚ್ಚಿದ್ವಿ. ಆಮೇಲೆ ಪುಸ್ತಕ ಓದಿರದ ಒಬ್ಬ ರೂಮ್‌ಮೇಟ್ ಕೈಗೆ ಕೊಟ್ಟು "ಕಥೆ ಹೇಳು" ಅಂದ್ವಿ. ಮೆಕ್ಯಾನಿಕಲ್‌ನವನು, ಕಾಮಿಕ್ಸ್ ಅಂದ್ರೆ ಆಗಿಬರಲ್ಲ. ಆದರೂ ಯಾರು ಯಾರಿಗೆ ಹೆದರ್ತಿದ್ದಾರೆ, ಯಾರ ಕೈ ಮೇಲಾಗಿದೆ, ಯಾವುದು ಹಗಲಿನ ಬದುಕು, ಯಾವುದು ರಾತ್ರಿಯ ಬದುಕು, ಎಲ್ಲ ಸರಿಯಾಗಿ ಹೇಳಿದ. "ಈ ಕೆಂಪು ಕೂದಲಿನವಳು, ಆ ಕೆಂಪು ಕೂದಲಿನವಳು ಒಬ್ಬಳೇನಾ? ನಡಿಗೆನೇ ಬೇರೆ ಇದೆಯಲ್ಲ" ಅಂತ ಕೇಳಿದ. ಇಬ್ಬರೂ ಒಬ್ಬಳೇ. ಕೇಟ್‌ಗೆ ಇರೋದು ಗಿಡ್ಡ ಕೂದಲು. ಬ್ಯಾಟ್‌ವುಮನ್‌ನ ಉದ್ದ ಕೂದಲು ವಿಗ್. ನಡಿಗೆ ಬೇರೆ ಅನ್ನೋದನ್ನು ಮಾತ್ರ ನಾವ್ಯಾರೂ ಗಮನಿಸಿರಲಿಲ್ಲ!

ಚಿತ್ರ ಎಷ್ಟು ಭಾರ ಹೊತ್ತಿದೆ ಅಂತ ತಿಳಿಯೋಕೆ ಇದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ. ಗುಳ್ಳೆ ಮುಚ್ಚಿದ ಮೇಲೂ ಪುಟ ನಿಂತರೆ ಚಿತ್ರಕಾರ ಗೆದ್ದ. ಕುಸಿದರೆ ಚಿತ್ರ ಬರೀ ಅಲಂಕಾರ.

ಗೆರೆ: ಗ್ರಾಫಿಕ್ಸ್ ಕ್ಲಾಸಿನಲ್ಲಿ ಕಲಿತದ್ದು

ಮೊದಲ ವರ್ಷ ಇಂಜಿನಿಯರಿಂಗ್ ಗ್ರಾಫಿಕ್ಸ್‌ನಲ್ಲಿ ನಾವೆಲ್ಲ ಬೈಸಿಕೊಂಡಿದ್ದೀವಿ: ಹೊರರೇಖೆ ದಪ್ಪ ಇರಬೇಕು, ಅಳತೆಯ ಗೆರೆ ತೆಳ್ಳಗಿರಬೇಕು, ಕಾಣದ ಅಂಚಿಗೆ ತುಂಡು ಗೆರೆ. ಯಾಕೆ? ಗೆರೆಯ ದಪ್ಪವೇ ಒಂದು ಮಾಹಿತಿ. ಎಲ್ಲ ಗೆರೆ ಒಂದೇ ದಪ್ಪ ಇದ್ದರೆ ಯಾವುದು ವಸ್ತು, ಯಾವುದು ಅಳತೆ ಅಂತ ಗೊತ್ತಾಗಲ್ಲ.

ಕಾಮಿಕ್ಸ್‌ನಲ್ಲೂ ಹಾಗೇ. ‘ಎಲಿಜಿ’ಯಲ್ಲಿ ಕೇಟ್ ಮನೆಯಲ್ಲಿರುವಾಗ, ಅಪ್ಪನ ಜೊತೆ ಮಾತಾಡುವಾಗ, ಗೆರೆ ಸ್ಪಷ್ಟ. ಮುಖಕ್ಕೊಂದು ಹೊರರೇಖೆ, ಬಟ್ಟೆಗೊಂದು ಹೊರರೇಖೆ, ಒಳಗೆ ಸಮವಾದ ಚಪ್ಪಟೆ ಬಣ್ಣ. ಅದೇ ಅವಳು ಬ್ಯಾಟ್‌ವುಮನ್ ಆಗಿ ಹೊರಟಾಗ ಗೆರೆ ಹಿಂದೆ ಸರಿಯುತ್ತೆ, ನೆರಳು ಬೆಳಕು ಮುಂದೆ ಬರುತ್ತೆ. ಕಪ್ಪು ಉಡುಪಿನ ಮೇಲೆ ಬೀದಿದೀಪದ ಹೊಳಪು ಜಾರುತ್ತೆ. ಅವಳು ಕಾಗದದ ಮೇಲೆ ಬಿಡಿಸಿದವಳ ಥರ ಕಾಣಲ್ಲ, ಬಣ್ಣ ಬಳಿದು ಮಾಡಿದ ವರ್ಣಚಿತ್ರದ ಥರ ಕಾಣ್ತಾಳೆ.

ಒಂದೇ ಪ್ಯಾನೆಲ್‌ನಲ್ಲಿ ಅವಳೂ ಒಬ್ಬ ಸಾಮಾನ್ಯ ಮನುಷ್ಯನೂ ಎದುರುಬದುರಾದಾಗ ಇದರ ಮಜಾ ಗೊತ್ತಾಗುತ್ತೆ. ಅವನು ಒಂದು ಲೋಕದವನು, ಅವಳು ಇನ್ನೊಂದು ಲೋಕದವಳು. "ನಾನು ನಿಮ್ಮ ಥರ ಅಲ್ಲ" ಅಂತ ಅವಳು ಹೇಳಬೇಕಾಗಿಲ್ಲ, ಅವಳನ್ನು ಬಿಡಿಸಿದ ರೀತಿಯೇ ಅದನ್ನು ಹೇಳುತ್ತೆ.

ಪುಟ: ಪರದೆ ಅಲ್ಲ, ನಕ್ಷೆ

ಇಲ್ಲಿ ಒಂದು ತಪ್ಪೊಪ್ಪಿಗೆ. ನಮ್ಮಲ್ಲಿ ಅರ್ಧ ಜನ ಇದನ್ನು ಮೊದಲು ನೋಡಿದ್ದು ಫೋನಿನಲ್ಲಿ, ಒಂದೊಂದೇ ಪ್ಯಾನೆಲ್ ದೊಡ್ಡದು ಮಾಡಿ, ಬೆರಳಲ್ಲಿ ಸರಿಸುತ್ತಾ. ಬೇರೆ ಕಾಮಿಕ್ಸ್‌ಗೆ ಅದು ನಡೆಯಬಹುದು. ಈ ಪುಸ್ತಕಕ್ಕೆ ಮಾತ್ರ ಅದು ಘೋರ ಅನ್ಯಾಯ. ಯಾಕಂದ್ರೆ ವಿಲಿಯಮ್ಸ್ ಯೋಚಿಸೋದು ಪ್ಯಾನೆಲ್ ಪ್ಯಾನೆಲ್ ಆಗಿ ಅಲ್ಲ. ಎದುರುಬದುರಿನ ಎರಡು ಪುಟ ಸೇರಿ ಅವರಿಗೆ ಒಂದು ಹಾಳೆ.

ಕೇಟ್‌ಳ ಹಗಲಿನ ಬದುಕಿನ ಪುಟಗಳಲ್ಲಿ ಪ್ಯಾನೆಲ್‌ಗಳು ಹೆಚ್ಚಾಗಿ ನೆಟ್ಟಗಿನ ಆಯತಗಳು. ಮೂಲೆಗೆ ಮೂಲೆ ಸರಿ ಹೊಂದುತ್ತೆ. ರಾತ್ರಿಯಾಗಿ ಬ್ಯಾಟ್‌ವುಮನ್ ಇಳಿದಳೋ, ಆಯತಗಳು ಒಡೆಯುತ್ತವೆ. ಅಂಚುಗಳು ಮಿಂಚಿನ ಹಾಗೆ ಅಂಕುಡೊಂಕಾಗುತ್ತವೆ. ಕೆಲವು ಕಡೆ ಪ್ಯಾನೆಲ್ ಬಾವಲಿಯ ಆಕಾರವನ್ನೇ ತಾಳುತ್ತೆ. ಹೊಡೆದಾಟದ ಎರಡು ಪುಟಗಳನ್ನು ಒಟ್ಟಿಗೆ ಹಿಡಿದು ಸ್ವಲ್ಪ ದೂರದಿಂದ ನೋಡಿ. ಯಾರು ಯಾರಿಗೆ ಹೊಡೆದರು ಅನ್ನೋ ವಿವರ ಕಾಣೋ ಮೊದಲೇ ಇಡೀ ಹಾಳೆಯ ಆಕಾರ ಕಣ್ಣಿಗೆ ಬಡಿಯುತ್ತೆ. ಕೇಡಿಗರು ಅವಳ ಲಾಂಛನದ ಒಳಗೆ ಸಿಕ್ಕಿಹಾಕಿಕೊಂಡ ಹಾಗಿರುತ್ತಾರೆ.

ಕಣ್ಣು ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಓದುತ್ತೆ ಅನ್ನೋದು ಚಿತ್ರಕಾರನಿಗೂ ಗೊತ್ತು. ಅದಕ್ಕೆ ಚಾಚಿದ ಒಂದು ಕೈ, ಹಾರುವ ಮೇಲುವಸ್ತ್ರದ ಅಂಚು, ನೋಟದ ದಿಕ್ಕು, ಇವನ್ನೇ ಬಾಣದ ಗುರುತಿನ ಹಾಗೆ ಬಳಸಿ ಕಣ್ಣನ್ನು ಮುಂದಿನ ಪ್ಯಾನೆಲ್‌ಗೆ ತಳ್ಳುತ್ತಾನೆ. ಫ್ಲೋಚಾರ್ಟಿನಲ್ಲಿ ನಾವು ಬಾಣ ಹಾಕುತ್ತೀವಿ. ಇಲ್ಲಿ ಬಾಣ ಇದೆ, ಆದರೆ ಬಾಣದ ವೇಷದಲ್ಲಿ ಇಲ್ಲ. ನಾವು ಒಂದು ಪುಟದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು, ನಮ್ಮ ಕಣ್ಣು ಹೋದ ದಾರಿಯನ್ನು ಪೆನ್ಸಿಲ್‌ನಲ್ಲಿ ಎಳೆದು ನೋಡಿದ್ವಿ. ಐದು ಜನರ ದಾರಿ ಹೆಚ್ಚುಕಡಿಮೆ ಒಂದೇ ಬಂತು. ಅಷ್ಟು ಗಲಿಬಿಲಿ ಕಾಣುವ ಪುಟದಲ್ಲಿ ನಾವು ಯಾರೂ ದಾರಿ ತಪ್ಪಿರಲಿಲ್ಲ. ಗಲಿಬಿಲಿ ಮೇಲ್ನೋಟಕ್ಕೆ, ಒಳಗೆ ಲೆಕ್ಕ ಪಕ್ಕಾ.

ಪ್ಯಾನೆಲ್‌ಗಳ ನಡುವೆ ಬಿಡುವ ಖಾಲಿ ಜಾಗವೂ ಕೆಲಸ ಮಾಡುತ್ತೆ. ಸ್ಕಾಟ್ ಮೆಕ್ಲೌಡ್ 1993ರಲ್ಲಿ ಕಾಮಿಕ್ಸ್ ಬಗ್ಗೆ ಕಾಮಿಕ್ಸ್ ರೂಪದಲ್ಲೇ ಒಂದು ಪುಸ್ತಕ ಮಾಡಿದರು. ಅದರ ಮುಖ್ಯ ವಾದ ಇದು: ಒಂದು ಪ್ಯಾನೆಲ್‌ನಲ್ಲಿ ಎತ್ತಿದ ಕೈ, ಮುಂದಿನದರಲ್ಲಿ ಬಿದ್ದ ಮನುಷ್ಯ, ನಡುವಿನ ಹೊಡೆತವನ್ನು ಬಿಡಿಸಿಲ್ಲ, ಅದನ್ನು ಹೊಡೆಯುವವರು ಓದುಗರೇ. ಅಂದರೆ ಆ ಬಿಳಿ ಪಟ್ಟಿಯಲ್ಲಿ ನಮ್ಮ ಪಾಲಿನ ಕೆಲಸ ಇದೆ. ಬೇಗ ಬೇಗ ಸರಿಸಿದರೆ ನಾವು ಆ ಕೆಲಸ ಮಾಡದೆ ಬಂಕ್ ಹೊಡೆದ ಹಾಗೆ.

ಬಣ್ಣ: ಕೆಂಪು ಎಲ್ಲಿ ಉರಿಯುತ್ತೆ?

ಬ್ಯಾಟ್‌ವುಮನ್‌ನ ಬಣ್ಣಗಳು ಮೂರೇ. ಉಡುಪಿನ ಕಪ್ಪು, ಮುಖದ ಬಿಳಿ, ಮತ್ತೆ ಕೆಂಪು. ಕೂದಲು ಕೆಂಪು, ತುಟಿ ಕೆಂಪು, ಎದೆಯ ಬಾವಲಿ ಕೆಂಪು, ಕೈಗವಸು ಮತ್ತು ಬೂಟು ಕೆಂಪು. ಮೇಲುವಸ್ತ್ರ ಹೊರಗೆ ಕಪ್ಪು, ಒಳಗೆ ಕೆಂಪು. ಅವಳು ಸುಮ್ಮನೆ ನಿಂತಾಗ ಕತ್ತಲಲ್ಲಿ ಕರಗಿ ಹೋಗ್ತಾಳೆ. ಜಿಗಿದಾಗ ಮೇಲುವಸ್ತ್ರ ಬಿಚ್ಚಿಕೊಂಡು ಇಡೀ ಪುಟ ಕೆಂಪಾಗುತ್ತೆ.

ಡೇವ್ ಸ್ಟುವರ್ಟ್ ಅವರ ಜಾಣ್ಮೆ ಇರೋದು ಕೆಂಪು ಹಚ್ಚಿದ್ದರಲ್ಲಿ ಅಲ್ಲ, ಬೇರೆ ಕಡೆ ಹಚ್ಚದೇ ಬಿಟ್ಟದ್ದರಲ್ಲಿ. ಗಾಥಮ್ ನಗರದ ರಾತ್ರಿಯನ್ನು ಬೂದಿ, ಮಂಕು ನೀಲಿ, ಕಪ್ಪಿನಲ್ಲಿ ಅದುಮಿ ಇಟ್ಟಿದ್ದಾರೆ. ಸಿಗ್ನಲ್ ಮತ್ತು ನಾಯ್ಸ್ ಅನುಪಾತ ಅಂತ ನಾವು ಓದ್ತೀವಲ್ಲ, ಅದೇ. ಹಿನ್ನೆಲೆಯ ಗದ್ದಲ ತಗ್ಗಿಸಿದರೆ ಸಣ್ಣ ಕೆಂಪೂ ಕೂಗಿ ಹೇಳಿದ ಹಾಗೆ ಕೇಳುತ್ತೆ. ಯಕ್ಷಗಾನ ನೋಡಿದವರಿಗೆ ಇದು ಹೊಸದೇನಲ್ಲ: ಬಣ್ಣದ ವೇಷ ರಂಗಕ್ಕೆ ಬಂದ ತಕ್ಷಣ, ಬಾಯಿ ತೆರೆಯೋ ಮೊದಲೇ, ಬಂದವನು ಎಂಥವನು ಅಂತ ಮುಖದ ಬಣ್ಣವೇ ಹೇಳಿಬಿಡುತ್ತೆ.

ಈಗ ಖಳನಾಯಕಿಯನ್ನು ನೋಡಿ. ಅವಳ ಹೆಸರು ಆಲಿಸ್. ಹಳೇ ಕಾಲದ ಇಂಗ್ಲೆಂಡಿನ ಗೊಂಬೆಯಂಥ ಉಡುಪು, ಹೊಂಬಣ್ಣದ ಗುಂಗುರು ಕೂದಲು. ಅವಳ ಮಾತುಗಳೆಲ್ಲ ಹೆಚ್ಚುಕಡಿಮೆ ಲೂಯಿಸ್ ಕ್ಯಾರಲ್ ಪುಸ್ತಕಗಳಿಂದ ಎತ್ತಿದ್ದು, ಹಾಗಾಗಿ ಅವಳ ಗುಳ್ಳೆಗಳನ್ನು ಓದಿದರೆ ಹುಚ್ಚಿ ಅಂತ ಅನ್ನಿಸುತ್ತೆ, ಬೇರೇನೂ ತಿಳಿಯಲ್ಲ. ಆದರೆ ಮುಖ? ಸುಣ್ಣ ಬಳಿದ ಹಾಗೆ ಬಿಳಿ. ತುಟಿ ಕೆಂಪು. ಅಂದರೆ ಬ್ಯಾಟ್‌ವುಮನ್‌ನ ಮುಖದ ಬಣ್ಣಗಳೇ! ನಮ್ಮ ಜೂನಿಯರ್ ತೋರಿಸಿದ್ದು ಇದನ್ನೇ. ಎರಡು ಮುಖಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ಅಕ್ಷದ ಎರಡು ಕಡೆ ಬಿಡಿಸಿದ ಪ್ರತಿಬಿಂಬದ ಹಾಗಿವೆ. ನಾಲ್ಕನೇ ಸಂಚಿಕೆಯ ಕೊನೆಗೆ, ಗಾಥಮ್ ಮೇಲೆ ಹಾರುವ ವಿಮಾನದಲ್ಲಿ, ಆಲಿಸ್ ಕೆಳಗೆ ಬೀಳುವ ಮುಂಚೆ ಗೊತ್ತಾಗುತ್ತೆ: ಅವಳು ಕೇಟ್‌ಳ ಅವಳಿ, ಬೆತ್. ಸತ್ತಳು ಅಂದುಕೊಂಡಿದ್ದ ಒಡಹುಟ್ಟಿದವಳು. ಆ ಕ್ಷಣದಲ್ಲಿ ಹೇಳಲಾಗುವ ಮಾತೂ ಕಣ್ಣಿನ ಬಗ್ಗೆಯೇ ಇದೆ. ಕಣ್ಣು ನೋಡಿ ಅಂತ ಪುಸ್ತಕ ಮೊದಲಿಂದಲೂ ಹೇಳುತ್ತಿತ್ತು. ನಾವು ಗುಳ್ಳೆ ನೋಡುತ್ತಿದ್ವಿ.

ಶೈಲಿ: ನೆನಪಿಗೆ ಬೇರೆ ಕೈಬರಹ

ಪುಸ್ತಕದ ಕೊನೆಯ ಮೂರು ಸಂಚಿಕೆಗಳಲ್ಲಿ ಕೇಟ್‌ಳ ಹಿಂದಿನ ಕಥೆ ಬರುತ್ತೆ. ಬ್ರಸೆಲ್ಸ್‌ನಲ್ಲಿ ಅವಳಿಗಳ ಹುಟ್ಟುಹಬ್ಬದ ದಿನ ಅಮ್ಮನ ಜೊತೆ ಇಬ್ಬರನ್ನೂ ಅಪಹರಿಸುತ್ತಾರೆ. ಅಪ್ಪನ ಜೊತೆ ವಾಪಸ್ ಬರೋದು ಕೇಟ್ ಒಬ್ಬಳೇ. ಮುಂದೆ ಅವಳು ವೆಸ್ಟ್ ಪಾಯಿಂಟ್ ಸೈನಿಕ ಶಾಲೆ ಸೇರುತ್ತಾಳೆ.

ಈ ಭಾಗಕ್ಕೆ ಬಂದಾಗ "ಚಿತ್ರಕಾರ ಬದಲಾದರಾ?" ಅಂತ ನಮ್ಮಲ್ಲಿ ಇಬ್ಬರು ಮುಖಪುಟ ತಿರುವಿ ನೋಡಿದರು. ಇಲ್ಲ, ಅದೇ ವಿಲಿಯಮ್ಸ್. ಹಳೆಯದನ್ನು ಹೇಳುವಾಗ ಹೊಳಪು ಇಲ್ಲ, ಮಿಂಚಿನ ಅಂಚಿನ ಪ್ಯಾನೆಲ್ ಇಲ್ಲ. ಸರಳ ಗೆರೆ, ಚಪ್ಪಟೆ ಬಣ್ಣ, ಶಿಸ್ತಿನ ಆಯತಗಳು. 1987ರಲ್ಲಿ ಡೇವಿಡ್ ಮಾಜುಕೆಲ್ಲಿ ಚಿತ್ರಿಸಿದ ‘ಬ್ಯಾಟ್‌ಮನ್: ಇಯರ್ ಒನ್’ ನೋಡಿದವರಿಗೆ ಅದರ ನೆನಪು ಬಂದೇ ಬರುತ್ತೆ. ಬ್ಯಾಟ್‌ಮನ್ ಆದದ್ದು ಹೇಗೆ ಅಂತ ಹೇಳಿದ ಪುಸ್ತಕದ ಗೆರೆಯಲ್ಲೇ ಇವಳು ಬ್ಯಾಟ್‌ವುಮನ್ ಆದದ್ದನ್ನು ಹೇಳೋದು ಅಂದರೆ, "ಇವಳ ಕಥೆಗೂ ಅಷ್ಟೇ ತೂಕ ಇದೆ" ಅಂತ ಒಂದು ಮಾತನ್ನೂ ಬಳಸದೆ ಹೇಳಿದ ಹಾಗೆ.

ನಮಗೆ ತುಂಬಾ ತಟ್ಟಿದ ದೃಶ್ಯ ವೆಸ್ಟ್ ಪಾಯಿಂಟ್‌ನದು. ಅಮೆರಿಕದ ಸೈನ್ಯದಲ್ಲಿ 1993ರಿಂದ 2011ರವರೆಗೆ ಒಂದು ನಿಯಮ ಇತ್ತು: ಸಲಿಂಗಿಗಳು ಅದನ್ನು ಹೇಳಿಕೊಳ್ಳದೆ ಇದ್ದರೆ ಸೇವೆಯಲ್ಲಿ ಇರಬಹುದು, ಹೇಳಿಕೊಂಡರೆ ಹೊರಗೆ. ಕೇಟ್‌ಳ ಮೇಲೆ ದೂರು ಬರುತ್ತೆ. ಅಧಿಕಾರಿ ಅವಳಿಗೆ ತಪ್ಪಿಸಿಕೊಳ್ಳೋಕೆ ದಾರಿ ಬಿಡ್ತಾರೆ. ಸುಳ್ಳು ಹೇಳಿದರೆ ಸಾಕು, ಎಲ್ಲ ಮುಗಿಯುತ್ತೆ. ಆದರೆ ಸುಳ್ಳು ಹೇಳಬಾರದು ಅಂತ ಕಲಿಸಿದ್ದೂ ಅದೇ ಶಾಲೆ. ಅವಳು ನಿಜ ಹೇಳಿ ಹೊರಗೆ ಬರ್ತಾಳೆ. ಇದನ್ನು ವಿಲಿಯಮ್ಸ್ ಯಾವ ಆರ್ಭಟವೂ ಇಲ್ಲದೆ ಬಿಡಿಸಿದ್ದಾರೆ. ಒಂದು ಕೋಣೆ, ಇಬ್ಬರು ಮನುಷ್ಯರು, ಮುಖಗಳು. ಮಿಂಚಿನ ಪ್ಯಾನೆಲ್‌ಗಳನ್ನು ಹೊಡೆದಾಟಕ್ಕೆ ಖರ್ಚು ಮಾಡಿದ ಚಿತ್ರಕಾರ, ಅವಳ ಬದುಕಿನ ಅತಿ ಧೈರ್ಯದ ಕೆಲಸಕ್ಕೆ ಸಾದಾ ಆಯತಗಳನ್ನು ಕೊಟ್ಟಿದ್ದಾರೆ. ಮೇಲುವಸ್ತ್ರ ಇಲ್ಲದೆಯೂ ಅವಳು ಅಲ್ಲಿ ವೀರಳೇ. ಇದನ್ನು ಮಾತಾಡುವಾಗ ನಮ್ಮ ಕೂಟದಲ್ಲಿ ಸ್ವಲ್ಪ ಹೊತ್ತು ಯಾರೂ ಏನೂ ಅನ್ನಲಿಲ್ಲ. ನಿಜ ಹೇಳಿದರೆ ಏನು ಕಳೆದುಕೊಳ್ಳಬೇಕಾಗುತ್ತೆ ಅಂತ ಲೆಕ್ಕ ಹಾಕುವವರು ಕಾಮಿಕ್ಸ್‌ನಲ್ಲಿ ಮಾತ್ರ ಇರಲ್ಲ, ಪಕ್ಕದ ಬೆಂಚಿನಲ್ಲೂ ಇರಬಹುದು.

ದೇಹ: ನಮ್ಮ ಜಗಳ

ಎರಡನೇ ವಾರ ನಮ್ಮಲ್ಲಿ ಒಬ್ಬಳು ನೇರವಾಗಿ ಕೇಳಿದಳು: "ಇಷ್ಟೆಲ್ಲ ಹೊಗಳ್ತಿದ್ದೀರಲ್ಲ, ಮೈಗಂಟಿದ ಉಡುಪು, ಉದ್ದ ಕೂದಲು, ಕೆಂಪು ತುಟಿ. ಹುಡುಗರು ನೋಡ್ಲಿ ಅಂತ ಬಿಡಿಸಿದ್ದಲ್ವಾ? ನೀವು ಆರ್ಟ್ ಅಂತ ಹೆಸರಿಟ್ಟು ನೋಡ್ತಿದ್ದೀರ ಅಷ್ಟೆ."

ಪ್ರಶ್ನೆ ಸುಳ್ಳಲ್ಲ. ಸೂಪರ್ ನಾಯಕಿಯರನ್ನು ಬಿಡಿಸೋದರಲ್ಲಿ ಒಂದು ಕೆಟ್ಟ ಚಾಳಿ ಇದೆ. ಎದೆ ಮತ್ತು ಹಿಂಭಾಗ ಎರಡೂ ಒಂದೇ ಸಲ ಓದುಗನಿಗೆ ಕಾಣುವ ಹಾಗೆ ಬೆನ್ನುಹುರಿ ತಿರುಚಿ ನಿಲ್ಲಿಸೋದು. ಹಾಗೆ ನಿಂತರೆ ಹೊಡೆದಾಟ ಬಿಡಿ, ಉಸಿರಾಡೋದೇ ಕಷ್ಟ. 2012ರಲ್ಲಿ ಅಂತರ್ಜಾಲದಲ್ಲಿ ‘ಹಾಕ್‌ಐ ಇನಿಷಿಯೇಟಿವ್’ ಅಂತ ಒಂದು ತಮಾಷೆಯ ಚಳವಳಿ ನಡೀತು. ನಾಯಕಿಯರು ನಿಂತ ಭಂಗಿಯಲ್ಲೇ ಹಾಕ್‌ಐ ಎಂಬ ಗಂಡು ಹೀರೋನನ್ನು ಬಿಡಿಸಿ ತೋರಿಸಿದರು. ನೋಡಿ ಜನ ಬಿದ್ದೂ ಬಿದ್ದೂ ನಕ್ಕರು. ಗಂಡಿನ ಮೈಮೇಲೆ ಹಾಸ್ಯವಾಗಿ ಕಾಣುವ ಭಂಗಿ ಹೆಣ್ಣಿನ ಮೈಮೇಲೆ ಸಹಜವಾಗಿ ಕಂಡಿತ್ತು ಅಂದರೆ, ತೊಂದರೆ ಚಿತ್ರದಲ್ಲಿ ಮಾತ್ರ ಅಲ್ಲ, ನಮ್ಮ ಕಣ್ಣಿನಲ್ಲೂ ಇತ್ತು.

ಹಾಗಾಗಿ ‘ಎಲಿಜಿ’ಯನ್ನೂ ಅದೇ ಪರೀಕ್ಷೆಗೆ ಒಡ್ಡಿದ್ವಿ. ಮೂರು ಪ್ರಶ್ನೆ. ಒಂದು, ಈ ಭಂಗಿಯಲ್ಲಿ ನಿಜವಾದ ಮನುಷ್ಯರು ನಿಲ್ಲಬಹುದಾ? ನಮ್ಮ ಎನ್‌ಸಿಸಿ ಕೆಡೆಟ್ ಒಬ್ಬಳು ಕೆಲವು ಭಂಗಿಗಳನ್ನು ನಿಂತು ತೋರಿಸಿದಳು. ತೂಕ ಕಾಲಿನ ಮೇಲೆ ಸರಿಯಾಗಿ ಬೀಳುತ್ತೆ. ಅವಳ ಬೂಟುಗಳಿಗೆ ಎತ್ತರದ ಹಿಮ್ಮಡಿ ಇಲ್ಲ, ಸೈನಿಕರ ಬೂಟಿನ ಹಾಗೆ ಚಪ್ಪಟೆ ಅಡಿ. ಅದನ್ನು ಹಾಕಿಕೊಂಡು ಮಾಡಿನ ಮೇಲೆ ಓಡಬಹುದು. ಎರಡು, ನೋಟ ಎಲ್ಲಿ ನಿಲ್ಲುತ್ತೆ? ಬಹಳ ಪುಟಗಳಲ್ಲಿ ನಮ್ಮ ಕಣ್ಣನ್ನು ಅವಳ ಮುಖ, ಕೈ, ಚಲನೆಗೆ ಒಯ್ಯುವ ಹಾಗೆ ಪುಟ ಕಟ್ಟಿದ್ದಾರೆ. ಮೂರು, ಉಡುಪು ಇಲ್ಲದ ಹೊತ್ತಿನಲ್ಲಿ, ಅಂದರೆ ಸೂಪರ್ ಉಡುಪು ಇಲ್ಲದಾಗ, ಅವಳು ಯಾರು? ಒಂದು ದೊಡ್ಡ ಔತಣಕೂಟಕ್ಕೆ ಎಲ್ಲರೂ ಗೌನ್ ಹಾಕಿ ಬಂದರೆ ಕೇಟ್ ಟಕ್ಸೀಡೊ ಹಾಕಿ ಬರ್ತಾಳೆ, ಪೊಲೀಸ್ ಅಧಿಕಾರಿ ಮ್ಯಾಗಿ ಸಾಯರ್ ಜೊತೆ ಕುಣಿತಾಳೆ. ಆ ಪುಟದಲ್ಲಿ ಅವಳು ತನಗೆ ಬೇಕಾದ ಹಾಗೆ ಇದ್ದಾಳೆ. 1956ರ ಲಿಪ್‌ಸ್ಟಿಕ್ ಬ್ಯಾಗಿನಿಂದ ಇಲ್ಲಿಗೆ ಎಷ್ಟು ದೂರ ಅಂತ ಅನ್ನಿಸಿತು.

ಜಗಳ ಮುಗೀತಾ? ಇಲ್ಲ. ಪ್ರಶ್ನೆ ಕೇಳಿದವಳು ಎರಡು ಮತ್ತು ಮೂರನ್ನು ಒಪ್ಪಿದಳು, ಆದರೆ "ಉಡುಪು ಅಷ್ಟು ಬಿಗಿ, ಅಷ್ಟು ಹೊಳಪು ಯಾಕೆ, ಗುಂಡು ತಡೆಯೋ ಬಟ್ಟೆ ಹಾಗಿರುತ್ತಾ?" ಅಂತ ಪಟ್ಟು ಬಿಡಲಿಲ್ಲ. ನಮ್ಮ ಹತ್ತಿರ ಒಳ್ಳೆ ಉತ್ತರ ಇರಲಿಲ್ಲ. ಚಿತ್ರವನ್ನು ಮೆಚ್ಚೋದು ಅಂದರೆ ಅದರ ಎಲ್ಲವನ್ನೂ ಒಪ್ಪೋದು ಅಲ್ಲ ಅಂತ ಅವಳಿಂದ ಕಲಿತ್ವಿ. ಸರಿಯಾಗಿ ನೋಡಿದವರಿಗೇ ಸರಿಯಾಗಿ ಜಗಳ ಆಡೋಕೆ ಬರುತ್ತೆ.

ನೀವೂ ಮಾಡಿ ನೋಡಿ

ಯಾವ ಕಾಮಿಕ್ಸ್ ಆದರೂ ಸರಿ. ಮನೆಯ ಅಟ್ಟದ ಮೇಲೆ ಹಳೇ ಅಮರ ಚಿತ್ರ ಕಥೆ ಸಿಕ್ಕರೆ ಅದೂ ಆಗುತ್ತೆ. ಅದನ್ನು ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು, ಓದಿದ್ದು ಕೆಮಿಕಲ್ ಟೆಕ್ನಾಲಜಿ! ಕಿತ್ತೂರು ಚೆನ್ನಮ್ಮನ ಪುಸ್ತಕ ಸಿಕ್ಕರೆ ಇನ್ನೂ ಒಳ್ಳೇದು, ಅವಳನ್ನು ಹೇಗೆ ನಿಲ್ಲಿಸಿದ್ದಾರೆ ಅಂತ ನೋಡಿ.

1. ಮೊದಲ ಸಲ ಕಥೆಗಾಗಿ ಓದಿ. ತಪ್ಪೇನಿಲ್ಲ, ಎಲ್ಲರೂ ಮಾಡೋದು ಅದನ್ನೇ.

2. ಎರಡನೇ ಸಲ ಮಾತಿನ ಗುಳ್ಳೆ ಮುಚ್ಚಿ. ಚಿತ್ರದಿಂದ ಏನೇನು ತಿಳಿಯುತ್ತೆ ಅಂತ ಬರೆದುಕೊಳ್ಳಿ.

3. ಒಂದು ಪುಟವನ್ನು ಕೈ ಚಾಚಿ ದೂರ ಹಿಡಿಯಿರಿ. ಮೊದಲು ಕಣ್ಣು ಎಲ್ಲಿಗೆ ಹೋಯ್ತು? ಆಮೇಲೆ ಎಲ್ಲಿಗೆ? ಆ ದಾರಿ ಎಳೆಯಿರಿ.

4. ಒಂದು ಬಣ್ಣ ಹಿಡಿದು ಇಡೀ ಪುಸ್ತಕದಲ್ಲಿ ಅದನ್ನು ಹಿಂಬಾಲಿಸಿ. ಅದು ಎಲ್ಲಿ ಬರುತ್ತೆ, ಎಲ್ಲಿ ಬೇಕಂತಲೇ ಬರಲ್ಲ?

5. ಗೆರೆ ಅಥವಾ ಪ್ಯಾನೆಲ್ ಆಕಾರ ಬದಲಾದ ಕಡೆ ನಿಲ್ಲಿ. ಅಲ್ಲಿ ಕಥೆಯಲ್ಲಿ ಏನು ಬದಲಾಯ್ತು?

6. ನಾಯಕಿಯ ಭಂಗಿಯಲ್ಲಿ ನೀವೇ ನಿಂತು ನೋಡಿ. ರೂಮ್‌ಮೇಟ್ ನಕ್ಕರೆ ನಗಲಿ, ಸೊಂಟ ಹಿಡಿದುಕೊಂಡರೆ ಮಾತ್ರ ಚಿತ್ರಕಾರನಿಗೆ ಮಾರ್ಕ್ಸ್ ಕಡಿಮೆ ಮಾಡಿ.

ಈ ಆರನ್ನು ಮಾಡಿದ ಮೇಲೆ "ಸಖತ್ತಾಗಿದೆ" ಅನ್ನಿ, ಬೇಡ ಅನ್ನಲ್ಲ. ಆದರೆ ಈಗ ಅದರ ಹಿಂದೆ ಕಾರಣ ಇರುತ್ತೆ. ಗೆರೆ, ಅಂಚು, ನೆರಳು, ಹೊಳಪು, ಭಂಗಿ, ನೋಟ: ಪದ ಇಲ್ಲ ಅಂದುಕೊಂಡಿದ್ದ ನಮಗೆ ಮೂರು ವಾರದಲ್ಲಿ ಇಷ್ಟು ಪದ ಸಿಕ್ಕವು. ಎಲ್ಲವೂ ಅಜ್ಜಿಗೂ ಗೊತ್ತಿರುವ ಪದಗಳೇ. ನೋಡೋಕೆ ಶುರು ಮಾಡಿದ ಮೇಲೆ ಅವಾಗೇ ಬಾಯಿಗೆ ಬಂದವು.

ಮುಂದಿನ ಓದುಕೂಟಕ್ಕೆ ನಿಮ್ಮ ಇಷ್ಟದ ಒಂದೇ ಒಂದು ಪುಟ ತನ್ನಿ. ಇಡೀ ಪುಸ್ತಕ ಬೇಡ, ಒಂದು ಪುಟ ಸಾಕು. ಸ್ಟಿಕಿ ನೋಟ್ಸ್ ನಾವು ತರ್ತೀವಿ.